ಕೊಳದ ನಲವತ್ತು ಕಪ್ಪು

ಹಾಸ್ಟೆಲ್, ಮೂರನೇ ಮಹಡಿ
14ನೇ ತಾರೀಖು, ಗುರುವಾರ ಮಧ್ಯಾಹ್ನ

ನನ್ನ ಅಕ್ಕಾ,

ಹೇಗಿದ್ದೀಯ? ಸೊಂಟದ ನೋವು ಕಡಿಮೆ ಆಯಿತಾ? ವಾರ್ಡಿನಲ್ಲಿ ಈಗಲೂ ಎರಡು ಡ್ಯೂಟಿ ಒಟ್ಟಿಗೆ ಹಾಕುತ್ತಾರಾ? ನಾನು ಚೆನ್ನಾಗಿದ್ದೇನೆ. ಅಂದರೆ ಊಟ ಸೇರುತ್ತಿಲ್ಲ, ಅಷ್ಟೇ. ಗಾಬರಿಯಾಗಬೇಡ.

ಲ್ಯಾಬಿನಲ್ಲಿ ನನಗೆ ಕೆಲಸ ಸಿಕ್ಕಿದೆ ಅಂದಿದ್ದೆನಲ್ಲ, ಫಸ್ಟ್ ಇಯರ್‌ನವರಲ್ಲಿ ನನ್ನೊಬ್ಬಳಿಗೇ. ನಾವೆಲ್ಲ ಕೊಳದ ಮೇಡಂ ಅನ್ನುವ ಸೀನಿಯರ್ ಒಬ್ಬರಿದ್ದಾರೆ. ಊರಾಚೆಯ ಕೊಳದಲ್ಲಿ ಮೀನು ಯಾಕೆ ಸಾಯುತ್ತಿವೆ ಎಂದು ಅವರ ಸಂಶೋಧನೆ. ಪ್ರತಿ ಸೋಮವಾರ ಸೊಂಟಮಟ್ಟ ನೀರಿಗಿಳಿದು ನಲವತ್ತು ಬಾಟಲಿ ತುಂಬಿ ತರುತ್ತಾರೆ. ಅದನ್ನು ಕಪ್ಪುಗಳಿಗೆ ಸುರಿದು ಪಿಎಚ್ ಯಂತ್ರದ ತಟ್ಟೆಯಲ್ಲಿ ಜೋಡಿಸುವುದು ನನ್ನ ಪಾಲು. ಆಮೇಲೆ ಯಂತ್ರದ್ದೇ ಕಾರುಬಾರು. ಅದರ ಕೈ ಗಾಜಿನ ಎಲೆಕ್ಟ್ರೋಡನ್ನು, ಅಂದರೆ ಅಳೆಯುವ ಕಡ್ಡಿಯನ್ನು, ಕಪ್ಪಿನಲ್ಲಿ ಅದ್ದಿ, ಅಂಕಿ ನಿಲ್ಲುವ ತನಕ ಕಾದು, ನೀರು ಎಷ್ಟು ಹುಳಿಯಾಗಿದೆ ಎಂದು (ಅಂಕಿ ಏರಿದಷ್ಟೂ ಹುಳಿ ಕಡಿಮೆ) ಕಂಪ್ಯೂಟರಿಗೆ ಬರೆದು, ಮೈ ತೊಳೆದುಕೊಂಡು ಮುಂದಿನ ಕಪ್ಪಿಗೆ ಹೋಗುತ್ತದೆ. "ಮೂವತ್ತನೇ ಕಪ್ಪಿಗೆ ನಮ್ಗೆ ಬೇಜಾರಾಗುತ್ತೆ, ಇದಕ್ಕಾಗಲ್ಲ ನೋಡು" ಅಂತಾರೆ ಮೇಡಂ. ನನಗೆ ಅದನ್ನು ನೋಡಿದರೆ ಹಾಸ್ಟೆಲ್‌ನ ಶಿಸ್ತಿನ ಹುಡುಗಿ ಯಾರೋ ನೆನಪಾಗುತ್ತಾಳೆ.

ಹಾಸ್ಟೆಲ್ ಅಂದೆ ನೋಡು, ಎಲ್ಲ ಅನಾಹುತ ಅಲ್ಲಿಂದಲೇ. ಹತ್ತು ವರ್ಷದವಳಿದ್ದಾಗಿಂದ ಶಾಲೆಯ ಹಾಸ್ಟೆಲ್ಲಿನಲ್ಲಿ ಮೇಟ್ರನ್ ಕೂಗಿ ಕೂಗಿ ಕಲಿಸಿದ್ದೇನು? "ಮುಚ್ಚಳ ಹಾಕ್ರೇ!" ಡಬ್ಬಿ, ಬಾಟಲಿ, ಪೆನ್ನು, ಕಂಡದ್ದನ್ನೆಲ್ಲ ಮುಚ್ಚುವವಳು ನಾನೇ ಎಂದು ಹೆಸರೂ ಇಟ್ಟಿದ್ದರಲ್ಲ. ಈ ಸೋಮವಾರ ಯಂತ್ರವನ್ನು ಸರಿಹೊಂದಿಸಿ, ಟೀಗೆ ಹೊರಟವಳು ಎಲೆಕ್ಟ್ರೋಡ್ ಒಣಗಬಾರದೆಂದು ಉಪ್ಪುನೀರು ತುಂಬಿದ ಅದರ ರಬ್ಬರ್ ಮುಚ್ಚಳ ಹಾಕಿಟ್ಟೆ. ಬಂದು ತೆಗೆಯದೇ ಸ್ಟಾರ್ಟ್ ಒತ್ತಿದೆ. ಯಂತ್ರ ಪಾಪ, ಟೋಪಿ ಹಾಕಿಕೊಂಡೇ ನಲವತ್ತು ಕಪ್ಪಿಗೂ ಮುಳುಗಿ ಎದ್ದಿದೆ. ಮುಚ್ಚಳದೊಳಗಿನ ಉಪ್ಪುನೀರನ್ನೇ ನಲವತ್ತು ಸಲ ಅಳೆದು 4.4, 4.4, 4.4 ಎಂದು ಬರೆದಿದೆ.

ನಾನು ಮೊದಲು ಸ್ಕ್ರೀನ್ ನೋಡಿದೆನಾ? ಇಲ್ಲ. ಮೊದಲು ಪಾತ್ರೆ, ಆಮೇಲೆ ಮಾತು. ಅದೂ ಮೇಟ್ರನ್ ಕಲಿಸಿದ್ದೇ. ಕಪ್ಪು, ಬಾಟಲಿ ಎಲ್ಲ ಸಿಂಕಿಗೆ ಸುರಿದು ಫಳಫಳ ತೊಳೆದಿಟ್ಟು, ಕೈ ಒರೆಸಿಕೊಂಡು ತಿರುಗಿದರೆ ಸ್ಕ್ರೀನಿನ ತುಂಬ ಒಂದೇ ಅಂಕಿ. ಮತ್ತೆ ಅಳೆಯಲು ಒಂದು ಹನಿ ನೀರಿಲ್ಲ. ಸಂಶೋಧನೆಯ ಹನ್ನೊಂದನೇ ವಾರ, ಅಕ್ಕಾ. ಮೇಡಂಗೆ ಗೊತ್ತಾದರೆ ನಾನು ಲ್ಯಾಬಿನಿಂದ ಆಚೆ. ಹೇಗೋ ನಿಭಾಯಿಸಿದೆ, ಬಿಡು.

ಅಂದ ಹಾಗೆ, ನಿಮ್ಮ ವಾರ್ಡಿನಲ್ಲಿ ಒಬ್ಬಳು ಥರ್ಮಾಮೀಟರ್ ಇಡದೆಯೇ ಚಾರ್ಟ್ ತುಂಬುತ್ತಿದ್ದಳು ಎಂದು ನೀನು ಕೆಂಡವಾಗಿದ್ದೆಯಲ್ಲ, ಅವಳು ಏನಾದಳು? ಸುಮ್ಮನೆ ಕೇಳಿದೆ. ನಿನ್ನ ಸ್ವೆಟರ್ ನನ್ನ ಹತ್ತಿರವೇ ಇದೆ, ಹುಡುಕಬೇಡ. ಭಾವನಿಗೆ ನಮಸ್ಕಾರ, ಪಾಪುವಿಗೆ ಎರಡು ಕೆನ್ನೆಗೂ ಮುತ್ತು.

ನಿನ್ನ
ಮುಚ್ಚಳ

ಮರೆತಿದ್ದು: ನಿಭಾಯಿಸಿದ್ದು ಹೀಗೆ. ಹಿಂದಿನ ವಾರದ ಅಂಕಿಗಳನ್ನೇ ತೆಗೆದು, ನಕಲು ಅಂತ ಕಾಣದಿರಲಿ ಎಂದು ಒಂದೊಂದನ್ನೂ ಚೂರು ಚೂರು ಏರಿಸಿ ನೋಟ್‌ಬುಕ್ಕಿನಲ್ಲಿ ಬರೆದುಬಿಟ್ಟೆ. ಈಗಷ್ಟೇ ಮೇಡಂ ಅಂಗಳದಿಂದ ಕೂಗಿದರು: "ಏ ಹುಡುಗೀ, ಹುಳಿ ಇಳೀತಾ ಇದೆ ಕಣೇ! ಶನಿವಾರ ಕೊಳಕ್ಕೆ ಮೀನುಮರಿ ಬಿಡಿಸ್ತೀನಿ, ನೀನೂ ಬಾ!" ಕೊಳ ಸುಧಾರಿಸಿಲ್ಲ, ಅಕ್ಕಾ. ಅದನ್ನು ಸುಧಾರಿಸಿದವಳು ನಾನು, ಪೆನ್ನಿನಲ್ಲಿ. ಯಂತ್ರ ಬರೆದ ನಲವತ್ತು 4.4ರ ಪ್ರಿಂಟ್ ನನ್ನ ಕೈಲಿದೆ. ನಿನ್ನ ಉತ್ತರಕ್ಕೆ ಕಾದರೆ ಶನಿವಾರ ದಾಟುತ್ತದೆ. ಮೇಡಂ ಇನ್ನೂ ಅಂಗಳದಲ್ಲೇ ಇದ್ದಾರೆ, ಕೆಳಗೆ ಹೋಗುತ್ತಿದ್ದೇನೆ. ಪೆನ್ನಿಗೆ ಮುಚ್ಚಳವನ್ನೂ ಹಾಕಿಲ್ಲ.