ಅಂಗಳದ ಹದಿಮೂರು ಹಲಗೆ

ಅಣ್ಣಾ,

ಕಾರು ಕೆಟ್ಟು ನಿಂತಿತು, ಎಲ್ಲಿ ಗೊತ್ತೇ? ನಾವು ಚಿಕ್ಕವರಿದ್ದಾಗ ಅಪ್ಪ ಕಾಲೇಜು ಫುಟ್‌ಬಾಲ್ ತಂಡಕ್ಕೆ ಕೋಚ್ ಆಗಿದ್ದ ಟಾಲ್ಬರ್ಟ್‌ನಲ್ಲಿ. ಒಂದು ಬೀದಿಯೂ ಗುರುತು ಸಿಗಲಿಲ್ಲ. ಹೋಟೆಲಿನಲ್ಲಿ ತಿಂಡಿಗೆ ಕೂತರೆ ಪಕ್ಕದ ಮೇಜಿನಲ್ಲಿ ಇಬ್ಬರು ಮುದುಕರು, ಹೊಸ ಕೋಚ್ ಯಾರಾಗಬೇಕೆಂದು ಜಗಳ. ಮೇಜಿನ ಮೇಲೆ ಅತ್ತಿತ್ತ ಸರಿಸುತ್ತಿದ್ದ ಉಪ್ಪು, ಮೆಣಸಿನ ಡಬ್ಬಿಗಳೇ ಆಟಗಾರರು, ಥೇಟ್ ಅಪ್ಪನ ಹಾಗೆ.

"ಆ ಟೆಕ್ಸಾಸ್‌ನವನು ಬೇಡ ಕಣೋ. ಕ್ಲೈಡ್ ಹಾರ್ಬಿನ್‌ನಂಥೋನು ಬೇಕು ನಮಗೆ."

"ಅವನನ್ನ ಓಡಿಸಿದ್ದು ಯಾರಪ್ಪಾ? ಸೋತ ಮಾರನೇ ದಿನ, ಊರು ಬಿಟ್ಟು ಹೋಗ್ಲಿ ಅಂತ, ಅವನ ಅಂಗಳದಲ್ಲಿ 'ಮನೆ ಮಾರಾಟಕ್ಕಿದೆ' ಅಂತ ಹಲಗೆ ನೆಟ್ಟೋನು ನೀನೇ ತಾನೆ, ವೆಂಡೆಲ್?"

"ನಾನೊಬ್ನೇನಾ? ಹನ್ನೊಂದು ಹಲಗೆ ಇತ್ತು!"

ನನಗೆ ತಡೆಯಲಾಗಲಿಲ್ಲ. "ಹದಿಮೂರು," ಎಂದೆ. "ನಾನು ಅವರ ಮಗಳು. ಎಣಿಸಿದ್ದೆ."

ವೆಂಡೆಲ್ ಟೋಪಿ ತೆಗೆದ. "ಅಷ್ಟನ್ನೂ ಏನು ಮಾಡಿದ್ರಮ್ಮಾ?"

"ಅಪ್ಪ ನಾಯಿಗೂಡು ಕಟ್ಟಿದ್ರು. ಗಟ್ಟಿ ಮರ. ನಮ್ಮ ರಸ್ಟಿ ಒಂಬತ್ತು ವರ್ಷ ಅದರಲ್ಲೇ ಮಲಗಿತ್ತು."

ಅವನು ಉಪ್ಪಿನ ಡಬ್ಬಿಯನ್ನು ನನ್ನತ್ತ ಸರಿಸಿದ. "ಬಾಮ್ಮಾ, ನೀನೇ ಹೇಳು. ಯಾರನ್ನ ತರೋಣ?"

ಮಂಡಿನೋವು ಕಡಿಮೆಯಾಗಿದೆ, ಚಿಂತೆ ಬೇಡ. ಕಾರು ರಿಪೇರಿಯಾಗಿ ಒಂದು ಗಂಟೆಯಾಯಿತು. ನಾನಿನ್ನೂ ಅವರ ಮೇಜಿನಿಂದ ಎದ್ದಿಲ್ಲ.

ನಿನ್ನ ತಂಗಿ,
ವರ್ನೆಲ್