ಬಿಸಿಲ ತಗಡಿಗೆ ಬೆಲೆ ಕಟ್ಟಿದವರಿಗೆ

ರಸ್ತೆ ಅಗಲವಾಗಲೆಂದು ಒಡೆಯಲಿರುವ ನಮ್ಮ ಕಟ್ಟಡಗಳಿಗೆ ಪರಿಹಾರದ ಬೆಲೆ ಕಟ್ಟುವ ಮಾನ್ಯರೇ,

ಅಳವಂಡಿಯ ನಮ್ಮ ಹಿಟ್ಟಿನ ಗಿರಣಿಯ ಮಾಳಿಗೆಯ ಮೇಲೆ ಸೋಲಾರ್ ವ್ಯವಸ್ಥೆಯಿದೆ. ಅದಕ್ಕೆ ತಾವು ಕಟ್ಟಿದ್ದು ಹಳೆಯ ತಗಡಿನ ಬೆಲೆ. ನನ್ನ ದೂರು ಇಷ್ಟೇ. ನಾಟಕಗಳಲ್ಲಿ ಖಳನ ಪಾತ್ರ ಮಾಡುತ್ತ ಮೀಸೆ ಬೆಳ್ಳಗಾದ ಮನುಷ್ಯ ನಾನು. ಕೊನೆಯ ಸಾಲಿನಲ್ಲಿ ಕೂತವನಿಗೂ ಕೇಳಿಸುವಂತೆ ಮಾತಾಡುವುದು ನನಗೆ ಗೊತ್ತು. ತಮ್ಮ ಕೋಣೆಗೆ ಬಂದು ಮೆಲ್ಲಗೆ ಹೇಳಿದಾಗ ತಮಗೆ ಕೇಳಿಸಲಿಲ್ಲ. ಆದ್ದರಿಂದ ಈಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲವೂ ಕೇಳುವಂತೆ ಹೇಳುತ್ತೇನೆ.

ಗಿರಣಿ ನನ್ನ ಅಕ್ಕ ಮಾಳವ್ವನದು. ನಾನು ಮುಖಕ್ಕೆ ಬಣ್ಣ ಹಚ್ಚಿಕೊಂಡು ಊರೂರು ತಿರುಗಿದೆ. ಅವಳು ಮುಖಕ್ಕೆ ಹಿಟ್ಟು ಹಚ್ಚಿಕೊಂಡು ಒಂದೇ ಕಡೆ ನಿಂತಳು. ಮೊದಲೆಲ್ಲ ಕರೆಂಟು ಬಂದಾಗ ಬಂತು, ಹೋದಾಗ ಹೋಯಿತು. ಜೋಳ ಹೊತ್ತು ತಂದ ಹೆಂಗಸರು ಬುಟ್ಟಿ ಪಾಳಿಗಿಟ್ಟು, ಅಂದಿನ ಕೂಲಿ ಕಳೆದುಕೊಂಡು ಕೂರುತ್ತಿದ್ದರು. ಅದನ್ನು ನೋಡಲಾರದೆ ಅಕ್ಕ ಮಾಳಿಗೆಯ ಮೇಲೆ ಬಿಸಿಲು ಹಿಡಿಯುವ ಫಲಕಗಳನ್ನು ಹಾಕಿಸಿದಳು. ಅಂದಿನಿಂದ ಕರೆಂಟಿನ ಲೈನಿನ ಹಂಗಿಲ್ಲದೆ, ಬಿಸಿಲಿದ್ದಷ್ಟು ಹೊತ್ತು ಕಲ್ಲು ತಿರುಗುತ್ತದೆ. ನಮ್ಮ ಕಡೆ ಬಿಸಿಲಿಗೆ ಕೊರತೆಯಿಲ್ಲ ಎಂಬುದು ತಮಗೂ ತಿಳಿದಿದೆ. ತಮ್ಮ ಜೀಪಿನ ಕಿಟಕಿಗೆ ಪರದೆ ಇತ್ತಂತೆ.

ಆ ಫಲಕಗಳಿಗೆ ನಮ್ಮೂರಿನಲ್ಲಿ ತಗಡು ಎನ್ನುತ್ತಾರೆ. ಹಾಕಿಸಿದ ದಿನವೇ ನಮ್ಮ ಓಣಿಯ ನಸೀಮಾಬಿ ಜೋಳದ ಬುಟ್ಟಿ ಇಳಿಸಿ ಮೇಲೆ ನೋಡಿ, "ಯವ್ವಾ ಮಾಳವ್ವ, ಈ ತಗಡ ಜ್ವಾಳ ಬೀಸ್ತಾವೇನ?" ಎಂದಳು. ಅಂದಿನಿಂದ ಅದು ಬಿಸಲ ತಗಡು. ಸೋಲಾರ್ ಎಂದು ಕೇಳಿದರೆ ನಮ್ಮವರು ಯಾವ ಊರು ಅದು ಎಂದಾರು.

ತಾವು ಬಂದ ಮಧ್ಯಾಹ್ನ ನಾನು ಕುಷ್ಟಗಿಯಲ್ಲಿ ನಾಟಕದ ತಾಲೀಮಿನಲ್ಲಿದ್ದೆ. ಆದರೂ ನಡೆದದ್ದೆಲ್ಲ ಕಣ್ಣಾರೆ ಕಂಡಷ್ಟೇ ಗೊತ್ತು. ಅಕ್ಕ ತನ್ನ ಪಾತ್ರ ಮಾಡಿದಳು, ಪಾಳಿಯಲ್ಲಿ ಕೂತಿದ್ದ ನಸೀಮಾಬಿ ತಮ್ಮ ಪಾತ್ರ ಮಾಡಿ ತೋರಿಸಿದಳು. ತಮ್ಮ ಕೆಮ್ಮು ಸಹಿತ.

"ಮ್ಯಾಲೇನೈತಿ ಯಮ್ಮಾ?" ಎಂದಿರಿ ತಾವು.

"ತಗಡ ಅದಾವ್ರೀ ಸಾಹೇಬ್ರ. ನಿಚ್ಚಣಿಕಿ ಐತಿ, ಬರ್ರಿ, ತೋರಸ್ತೀನಿ."

"ತಗಡ ಏನ್ ನೋಡೂದೈತಿ, ಬಿಡು. ಬಿಸಲ ಭಾಳ ಐತಿ."

ಬಿಸಿಲು ಹೆಚ್ಚಾಯಿತೆಂದು ಬಿಸಿಲಿನ ಯಂತ್ರವನ್ನೇ ನೋಡದೆ ಬಿಟ್ಟ ಅಧಿಕಾರಿ ಈ ನಾಡಿನಲ್ಲಿ ತಾವೊಬ್ಬರೇ ಇರಬೇಕು. ಅಕ್ಕ ಕುರ್ಚಿ ಹಾಕಿದಳು, ಫ್ಯಾನು ತಮ್ಮ ಕಡೆ ತಿರುಗಿಸಿದಳು. ತಾವು ಅದರ ಗಾಳಿಗೆ ಮುಖವೊಡ್ಡಿ ಕಣ್ಣು ಮುಚ್ಚಿ, "ಅಳವಂಡಿಯೊಳಗ ಕರೆಂಟ್ ಛಲೋ ಐತಲ್ಲ" ಎಂದಿರಿ. ಅಂದು ಇಡೀ ಊರಿನ ಲೈನು ತೆಗೆದಿದ್ದರು ಮಾನ್ಯರೇ. ನಸೀಮಾಬಿ ಸೆರಗು ಬಾಯಿಗೊತ್ತಿಕೊಂಡಳು. ತಾವು ಅದನ್ನು ನಾಚಿಕೆ ಎಂದುಕೊಂಡಿರಿ. ತಗಡಿನ ಗಾಳಿ ಕುಡಿದು ಹೋಗಿ ತಾವು ಬರೆದದ್ದು: ಚಾವಣಿಯ ಮೇಲೆ ಹಳೆಯ ತಗಡುಗಳು, ಗುಜರಿ ಬೆಲೆ.

ಕೇಳಲು ತಮ್ಮ ಕೋಣೆಗೆ ಬಂದೆ. "ತಗಡ ಅಂತ ನಿಮ್ಮಕ್ಕನ ಅಂದಾರಲ್ರಿ. ಮಾಲಕರ ಮಾತ ನಾ ಹೆಂಗ ತಿದ್ದಲಿ?" ಎಂದಿರಿ. ಆಹಾ, ಹೆಣ್ಣಿನ ಮಾತಿಗೆ ಎಂಥ ಗೌರವ. ಎದುರಿಗೆ ಬಯಲು ಬಿದ್ದಿರುವಾಗ ರಸ್ತೆ ತನ್ನ ಗಿರಣಿಯ ಕಡೆಗೇ ಏಕೆ ಹೊರಳಿತು ಎಂದು ಅದೇ ಅಕ್ಕ ಕೇಳಿದ್ದಳು. ಆ ಮಾತು ಏಕೆ ದಾಖಲಾಗಲಿಲ್ಲ? ಅವಳ ಬಾಯಿಂದ ಬಂದ ಮಾತುಗಳಲ್ಲಿ ತಮಗೆ ಬೇಕಾದ ಒಂದೇ ಪದವನ್ನು ಆರಿಸಿಕೊಂಡು, ಅದರಿಂದಲೇ ಅವಳ ಕುತ್ತಿಗೆ ಹಿಚುಕಿದಿರಿ.

ಫಲಕಗಳ ಫೋಟೊ ತೋರಿಸಿದೆ. ಆಗ ತಮ್ಮ ಸಂಭಾಷಣೆ ಬದಲಾಯಿತು. "ಇವು ನಟ್ಟು ಬಿಚ್ಚಿದ್ರ ಕೈಗೆ ಬರ್ತಾವ. ಕಟ್ಟಡಕ್ಕ ಸೇರಿದ್ದಲ್ಲ." ರಾಜನ ಪಾತ್ರಧಾರಿಯ ಕಿರೀಟವೂ ಬಿಚ್ಚಿದರೆ ಕೈಗೆ ಬರುತ್ತದೆ, ಅಂಟು ಬಿಡಿಸಿದರೆ ಮೀಸೆಯೂ ಬರುತ್ತದೆ. ಹಾಗೆಂದು ಅವನ್ನು ಬಿಚ್ಚಿಟ್ಟು ಸಿಂಹಾಸನ ಏರಿದವನನ್ನು ಜನ ಮಹಾರಾಜ ಎನ್ನುತ್ತಾರೆಯೇ? ತಮ್ಮ ಕುರ್ಚಿಯಿಂದ ತಮ್ಮನ್ನೂ ಒಂದು ವರ್ಗಾವಣೆಯ ಆದೇಶದಿಂದ ಬಿಚ್ಚಬಹುದು; ಆದ್ದರಿಂದ ತಾವು ಕಚೇರಿಗೆ ಸೇರಿದವರಲ್ಲ ಎನ್ನಲೇ?

ಬೆಲೆ ಕಟ್ಟುವ ರೀತಿ ತಮಗೆ ತಿಳಿಯದ್ದಲ್ಲ. ಇಂಥದ್ದನ್ನು ಇಂದು ಹೊಸದಾಗಿ ಕೂರಿಸಲು ಎಷ್ಟು ಬೇಕು, ಅದರಲ್ಲಿ ಸವೆದದ್ದೆಷ್ಟು, ಇನ್ನೆಷ್ಟು ವರ್ಷ ಅದು ದುಡಿಯುತ್ತದೆ, ಆ ದುಡಿಮೆಯಿಂದ ಗಿರಣಿಗೆ ಏನು ಉಳಿಯುತ್ತದೆ, ಇವನ್ನು ನೋಡಬೇಕು. ಬಿಚ್ಚಿ ಒಯ್ದರೂ ಕಬ್ಬಿಣದ ಚೌಕಟ್ಟು, ತಂತಿ, ಮೋಟರಿನ ಜೋಡಣೆ ಎಲ್ಲ ಮತ್ತೆ ಮೊದಲಿನಿಂದ ಆಗಬೇಕು. ಇಷ್ಟೂ ತಲೆನೋವು ಬೇಡವೆಂದರೆ ಕೊಳ್ಳುವವನನ್ನು ಕೇಳಿ. ಹಿಂದೊಮ್ಮೆ ಗಂಗಾವತಿಯ ವ್ಯಾಪಾರಿಯೊಬ್ಬರು ಈ ಗಿರಣಿ ಕೊಳ್ಳಲು ಬಂದಾಗ ಮೊದಲು ಹತ್ತಿದ್ದು ನಿಚ್ಚಣಿಕೆ. ಕಲ್ಲು ನೋಡಿದ್ದು ಆಮೇಲೆ. ಅಕ್ಕ ಮಾರಲಿಲ್ಲ.

ಅವಳು ರಸ್ತೆಯಾಚೆಯ ಜಾಗದಲ್ಲಿ ಗಿರಣಿಯನ್ನು ಮತ್ತೆ ಎಬ್ಬಿಸಬೇಕು. ತಾವು ಕಟ್ಟಿದ ಬೆಲೆಯಲ್ಲಿ ಗೋಡೆ ಎದ್ದಾವು, ಕಲ್ಲು ತಿರುಗದು. ಆಗ ಈ ಮಾಳವ್ವ ಇನ್ನೊಬ್ಬರ ಗಿರಣಿಯಲ್ಲಿ ಹಿಟ್ಟು ತುಂಬಲು ನಿಲ್ಲಬೇಕು. ತಾವು ತಗಡು ಎಂದು ಬರೆದದ್ದು ಮಾಳಿಗೆಯ ಮೇಲಿನದನ್ನಲ್ಲ, ಅವಳ ಬಾಳನ್ನು.

ಆದ್ದರಿಂದ ಸೇಡು ತೀರಿಸಿಕೊಳ್ಳುತ್ತೇನೆ. ಆ ಪದಕ್ಕೆ ನಾನು ನಾಚುವುದಿಲ್ಲ, ಅದು ನನ್ನ ವೃತ್ತಿ. ತಮ್ಮ ಮೇಲೊಂದು ನಾಟಕ ಕಟ್ಟಿದ್ದೇನೆ, ಹೆಸರು 'ತಗಡ ಸಾಹೇಬ'. ಕಿನ್ನಾಳದಲ್ಲಿ ಬಣ್ಣದ ಮರದ ಕುರ್ಚಿಯೊಂದನ್ನು ಹೇಳಿ ಮಾಡಿಸಿದ್ದೇನೆ. ಸಾಹೇಬನ ಪಾತ್ರ ನನ್ನದೇ. ಗಾಳಿಗೆ ಕಣ್ಣು ಮುಚ್ಚುವ ಆ ಭಂಗಿಯನ್ನು ನಸೀಮಾಬಿ ಕಲಿಸಿದ್ದಾಳೆ. ಮೊದಲ ಪ್ರಯೋಗ ಅಳವಂಡಿಯಲ್ಲಿ, ಎರಡನೆಯದು ಇಟಗಿಯಲ್ಲಿ, ಆಮೇಲೆ ತಾವು ಎಲ್ಲಿಗೆ ವರ್ಗವಾದರೆ ಅಲ್ಲಿ. ತಮ್ಮ ಹೆಸರು ಎತ್ತುವುದಿಲ್ಲ. ಎತ್ತುವ ಅಗತ್ಯವೂ ಇಲ್ಲ: ತಮ್ಮ ಜೀಪು ಕಂಡರೆ ಪಾಳಿಯ ಹೆಂಗಸರು ಈಗಾಗಲೇ, "ತಗಡ ಸಾಹೇಬ್ರ ಹೊಂಟಾರ ನೋಡ್ರಿ" ಎನ್ನುತ್ತಾರೆ. ನಮ್ಮಿಂದ ಕಸಿದ ಪದವನ್ನು ನಾವು ತಮಗೇ ತೊಡಿಸಿದ್ದೇವೆ. ಅದಕ್ಕೆ ಮಾತ್ರ ನಟ್ಟಿಲ್ಲ, ಬಿಚ್ಚಲು ಬರುವುದಿಲ್ಲ.

ನನ್ನ ಬೇಡಿಕೆ: ಕಟ್ಟಡ ಒಡೆಯುವ ಮೊದಲು ತಾವೇ ಅಳವಂಡಿಗೆ ಬರಬೇಕು, ನಿಚ್ಚಣಿಕೆ ಹತ್ತಬೇಕು, ಕಣ್ಣು ತೆರೆದು ನೋಡಿ ಆ ವ್ಯವಸ್ಥೆಯನ್ನು ದುಡಿಯುವ ಗಿರಣಿಯ ಭಾಗವೆಂದು ಬೆಲೆ ಕಟ್ಟಬೇಕು. ಈ ಪತ್ರವನ್ನು ಅಕ್ಕನಿಗೆ ಓದಿ ಹೇಳಿದೆ. ನಾಟಕದ ಮಾತಿಗೆ ನಗಲಿಲ್ಲ. ಕೈಯ ಹಿಟ್ಟು ಕೊಡವಿ ಹೇಳಿದಳು: "ಬರ್ಲಿ, ನಿಚ್ಚಣಿಕಿ ನಾನ ಹಿಡೀತೀನಿ. ಬೀಳಾಕ ಬಿಡಂಗಿಲ್ಲ. ಆದ್ರ ಈ ಸಲ ಫ್ಯಾನ್ ಹಾಕಂಗಿಲ್ಲಂತ ಬರಿ."

ಬರೆದಿದ್ದೇನೆ.

ಇಂತಿ,
ಇಷ್ಟು ವರ್ಷ ಖಳನಾಗಿ ದುಡಿದೂ ತಮ್ಮ ಮುಂದೆ ಸಪ್ಪೆಯಾದ,
ಕಳಕಪ್ಪ
ಬಿಸಲ ತಗಡಿನ ಗಿರಣಿ, ಅಳವಂಡಿ