ನಮ್ಮ ಪಿಕಪ್ ದಡ ಹತ್ತಿತು

ಮೌನಟ್ಲಾಲಾ
ಜುಲೈ ೧೪, ಭಾನುವಾರ

ಅವ್ವಾ,

ಫೋನಿನಲ್ಲಿ ಹೇಳಿದರೆ ಬೇಗ ಮುಗಿದುಹೋಗುತ್ತದೆ. ಇದು ಬೇಗ ಮುಗಿಯಬಾರದು, ಅದಕ್ಕೇ ಬರೆಯುತ್ತಿದ್ದೇನೆ. ಮಗುವನ್ನು ಮಲಗಿಸಿ ನಿಧಾನವಾಗಿ ಓದು. ನಮ್ಮ ಪಿಕಪ್ ನಮಗೇ ಉಳಿಯಿತು.

ತಂಗಿಯ ಬಾಣಂತನಕ್ಕೆಂದು ನೀನು ಫ್ರಾನ್ಸಿಸ್‌ಟೌನಿಗೆ ಹೋದ ಮೇಲೆ ಕೆಬೊನಾಂಗ್ ಮಾವ ಬಂದಾಗಲೆಲ್ಲ ಅದನ್ನು ಮಾರುವ ಮಾತೇ ಆಡುತ್ತಿದ್ದರು. ಅಪ್ಪನ ನಂತರ ನಾನು ಅದರಲ್ಲಿ ಊರವರ ದನ ಸಾಗಿಸುವುದು ಅವರಿಗೆ ಮೊದಲಿಂದಲೂ ಹಿಡಿಸಿಲ್ಲ. "ನನ್ನ ಜೀಪು ನಾಲ್ಕು ಚಕ್ರದಲ್ಲೂ ಎಳೀತದೆ. ನಿನ್ನ ಮುದಿ ಪಿಕಪ್ಪು ಹಿಂದಿನೆರಡರಲ್ಲಿ ತೆವಳ್ತದೆ. ನನ್ನ ಮಗನ ಮದುವೆ ಮುಗೀಲಿ, ಮಾರಿಬಿಡೋಣ," ಎಂದಿದ್ದರು. ಸೋದರಮಾವನ ಮಾತಿಗೆ ನಮ್ಮಲ್ಲಿ ಎದುರುಂಟೆ?

ನಿನ್ನೆ ಹೆಣ್ಣಿನ ಮನೆಗೆ ವಧುದಕ್ಷಿಣೆಯಾಗಿ ಬೊಗಾಡಿಯ ದನ ಒಪ್ಪಿಸಬೇಕಿತ್ತು. ನಾಲ್ಕು ದನ ತುಂಬಿದ ಟ್ರೈಲರ್ ಜೀಪಿನ ಹಿಂದೆ. ಶಾಲು ಹೊದ್ದ ಹೆಂಗಸರು ನನ್ನ ಪಿಕಪ್ಪಿನ ಹಿಂಭಾಗದಲ್ಲಿ. ಬತ್ತಿದ ಲೊಟ್ಸಾನೆ ಹೊಳೆಯನ್ನು ದಾಟಿ ಆಚೆ ದಡ ಹತ್ತುವಾಗ ಸಡಿಲ ಗರಸಿನ ಮೇಲೆ ಜೀಪು ನಿಂತಿತು. ಚಕ್ರ ಜಾರಿದೊಡನೆ ಅದರ ಹೊಸ ಯಂತ್ರಬುದ್ಧಿ ಎಂಜಿನ್ನಿನ ಬಲವನ್ನು ತಾನೇ ತಗ್ಗಿಸುತ್ತದೆ. ಮಾವ ಎಷ್ಟು ಒತ್ತಿದರೂ ಅದು ನಿಟ್ಟುಸಿರು ಬಿಟ್ಟಿತೇ ಹೊರತು ಕದಲಲಿಲ್ಲ. ಹಿಡಿತ ಸಿಗಲೆಂದು ಹೊಸ ಟೈರಿನ ಗಾಳಿ ಸ್ವಲ್ಪ ಇಳಿಸಲು ಅವರು ಒಪ್ಪಲೂ ಇಲ್ಲ.

ಬಿಸಿಲೇರುವ ಮೊದಲು ದನ ಹೆಣ್ಣಿನ ಮನೆಯ ಹಟ್ಟಿ ಸೇರದಿದ್ದರೆ ಬೀಗರು ಜನ್ಮವಿಡೀ ಆಡಿಕೊಳ್ಳುತ್ತಾರೆ. ಕೆಡಿಬೊನ್ಯೆ ಅತ್ತೆ ಗಂಡನಿಗೆ, "ಜೀಪಿಗೆ ನಾಚಿಕೆ ಅಂತ ಕಾಣ್ತದೆ, ಬೀಗರ ಮನೆಗೆ ಬರಲ್ಲ ಅಂತಿದೆ," ಎಂದರು.

ಟ್ರೈಲರಿನ ಚಕ್ರಕ್ಕೆ ಕಲ್ಲು ಕೊಟ್ಟು, ಕೊಂಡಿ ಬಿಚ್ಚಿ, ಜೀಪನ್ನು ಪಕ್ಕಕ್ಕೆ ತೆಗೆಸಿ, ಪಿಕಪ್ಪಿಗೆ ಸಿಕ್ಕಿಸಿದೆ. ಎಳೆದೆ. ಹಿಂದಿನ ಚಕ್ರಗಳು ಗರಸು ಚಿಮ್ಮಿಸಿ ಸುಮ್ಮನೆ ತಿರುಗಿದವು.

"ಕಂಡ್ಯಾ? ಎರಡೇ ಚಕ್ರ! ಇವತ್ತೇ ಗಿರಾಕಿ ಹುಡುಕ್ತೀನಿ," ಎಂದು ಮಾವ ನಕ್ಕರು.

ಆಗ ಇಳಿದು ಹಿಂದೆ ನೋಡಿದೆ. ಗಾಡಿ ಹಗುರಾಗಲಿ ಎಂದು ಹೆಂಗಸರೆಲ್ಲ ನಮ್ಮೂರಿನ ರೂಢಿಯಂತೆ ಕೆಳಗಿಳಿದು ನಿಂತಿದ್ದರು. ಎಳೆಯುವ ಚಕ್ರ ಹಿಂದೆ, ಹಿಂಭಾಗವೇ ಖಾಲಿ. ನೀರಿನ ಡ್ರಮ್ಮು ತುಂಬಿಕೊಂಡು ಬಂದಾಗ ಇದೇ ದಡವನ್ನು ಈ ಗಾಡಿ ಗೊಣಗದೆ ಹತ್ತುವುದನ್ನು ನೀನೂ ನೋಡಿದ್ದೀಯ. ಕಡ್ಡಿಯಿಂದ ಒತ್ತಿ ಟೈರಿನ ಗಾಳಿ ಸ್ವಲ್ಪ ಇಳಿಸಿದೆ. "ಎಲ್ಲರೂ ಹತ್ತಿ," ಎಂದೆ.

"ಹುಚ್ಚು ಹಿಡೀತೇನೆ? ಸಿಕ್ಕಿಬಿದ್ದ ಗಾಡಿಯಿಂದ ಇಳೀತಾರೆ, ಹತ್ತಲ್ಲ!" ಎಂದರು ಅತ್ತೆ.

"ಅತ್ತೆ, ನಿಮ್ಮ ತೂಕಕ್ಕೆ ಇವತ್ತು ಬೆಲೆ ಬಂದಿದೆ."

"ಹಾಗಾದ್ರೆ ನನ್ನ ಗಂಡನಿಗೂ ಕೇಳೋ ಹಾಗೆ ಇನ್ನೊಂದ್ಸಲ ಹೇಳು!"

ನಗುತ್ತಲೇ ಎಲ್ಲರೂ ಹಿಂದಿನ ಹಲಗೆಗೆ ಒತ್ತಿ ಕುಳಿತರು. ಮೊದಲ ಗೇರಿನಲ್ಲಿ ಮೆಲ್ಲಗೆ ಬಿಟ್ಟೆ. ಒಂದು ಮೊಳ ಕದಲಿ ಮತ್ತೆ ನಿಂತಿತು. "ಇನ್ನೊಬ್ಬರು ಬೇಕು!" ಎಂದು ಕೂಗಿದೆ. ಯಾರೋ ಹತ್ತಿದರು, ಗಾಡಿಯ ಹಿಂಭಾಗ ತುಸು ಕುಸಿಯಿತು. ಈ ಸಲ ಚಕ್ರ ನೆಲವನ್ನು ಕಚ್ಚಿತು. ಅವ್ವಾ, ನಾಲ್ಕು ದನ, ಅಷ್ಟು ಹೆಂಗಸರು, ಅಪ್ಪನ ಗಾಡಿ, ನಾವೆಲ್ಲ ಒಟ್ಟಿಗೆ ದಡದ ಮೇಲೆ ಬಂದುಬಿಟ್ಟೆವು! ಹಿಂದೆ ಕುಳಿತವರು ನಾಲಿಗೆ ಹೊರಳಿಸಿ ಹಾಕಿದ ಹರ್ಷದ ಕೂಗಿಗೆ ಹೊಳೆಯ ಹಕ್ಕಿಗಳೆಲ್ಲ ಎದ್ದವು.

ನ್ಯಾಯವಾಗಿ ಹೇಳಬೇಕೆಂದರೆ, ಟ್ರೈಲರ್ ಕಳಚಿದ ಜೀಪು ಆಮೇಲೆ ಜಿಂಕೆಯಂತೆ ಹತ್ತಿ ಬಂತು. ಹತ್ತುವುದೇ ಬೇರೆ, ಎಳೆಯುವುದೇ ಬೇರೆ.

ನಾವು ತಲುಪಿದಾಗ ಬೀಗರ ಹಟ್ಟಿಯಲ್ಲಿ ಇನ್ನೂ ನೆರಳಿತ್ತು. ಊಟಕ್ಕೆ ಕುಳಿತಾಗ ಮಾವ ಕುಟ್ಟಿದ ಮಾಂಸದ ತಟ್ಟೆಯನ್ನು ನನ್ನ ಕಡೆ ಸರಿಸಿ, ಬೀಗರೆಲ್ಲ ಕೇಳುವಂತೆ, "ದನ ತಂದವಳು ನನ್ನಕ್ಕನ ಮಗಳು. ಆ ಪಿಕಪ್ಪು ಮಾರೋ ಮಾತು ಇನ್ಯಾರೂ ಎತ್ತಬೇಡಿ," ಎಂದರು. ಎತ್ತಿದ್ದವರು ಅವರೊಬ್ಬರೇ ಎಂದು ನಾನೂ ಹೇಳಲಿಲ್ಲ, ಅತ್ತೆಯೂ ಹೇಳಲಿಲ್ಲ.

ಮಗುವಿಗೆ ನನ್ನ ಮುತ್ತು. ನೀನು ಬರುವ ದಿನ ಬಸ್ ನಿಲ್ದಾಣಕ್ಕೆ ಪಿಕಪ್ಪಿನಲ್ಲೇ ಬರುತ್ತೇನೆ.

ನಿನ್ನ
ಗೊರಾಟಾ

ಮರೆತ ಮಾತು: ಕೊನೆಗೆ ಹತ್ತಿದವರು ಯಾರೆಂದು ನೀನು ಕೇಳಿಯೇ ಕೇಳುತ್ತೀಯ. ಕನ್ನಡಿಯಲ್ಲಿ ನನಗೆ ಮಾವನ ಟೋಪಿ ಕಂಡಿತು. ಮದುವೆಯ ಕೋಟು ತೊಟ್ಟು, ಹೆಂಗಸರ ನಡುವೆ ಇರುಕಿಕೊಂಡು ಕುಳಿತಿದ್ದರು. ಜೀಪು ತರಲು ಇಳಿದು ಹೋಗುವಾಗ, "ನಿಮ್ಮವ್ವನಿಗೆ ಇದನ್ನ ಬರೀಬೇಡ," ಎಂದರು. ಮೇಲೆ ಬರೆದೆನಲ್ಲ, ಹರ್ಷದ ಕೂಗು, ಅದರಲ್ಲಿ ಎಲ್ಲರಿಗಿಂತ ಗಟ್ಟಿ ದನಿ ಅವರದೇ.